ನಲವತ್ತೊಂದನೆಯ ಕಡ್ಡಿ

ಗುರುಕಿರಣನ ಗ್ರಹಚಾರ ಆ ಗುರುವಾರ ಒಂದು ಬಿದಿರಿನ ಡಬ್ಬಿಯ ರೂಪದಲ್ಲಿ ಬಂದು ಆಫೀಸಿನ ಟೀ ಮೇಜಿನ ಮೇಲೆ ಕುಳಿತಿತ್ತು. ಕುವೈತಿನ ಸುಲೈಬಿಯಾದಲ್ಲಿ ಎಸಿ ಬಿಡಿಭಾಗ ಮಾರುವ ಆ ಕಂಪನಿಯ ಖರೀದಿ ವಿಭಾಗದ ಅಲೋಶಿಯಸ್ ಹಿಂದಿನ ದಿನವಷ್ಟೇ ಚೀನಾದಿಂದ ಮರಳಿದ್ದರು. ಎಲ್ಲರಿಗೂ ಕೀಚೈನ್ ಹಂಚಿ, ತಮಗಾಗಿ ಮಾತ್ರ ನೂರು ಕಡ್ಡಿಗಳ ಈ ಶಕುನದ ಡಬ್ಬಿ ಇಟ್ಟುಕೊಂಡಿದ್ದರು.

"ಪ್ರಶ್ನೆ ಮನಸ್ಸಲ್ಲಿ ಇಟ್ಕೊಂಡು ಅಲ್ಲಾಡಿಸ್ಬೇಕು ಮಾರಾಯ. ಒಂದು ಕಡ್ಡಿ ತಾನಾಗಿ ಹೊರಗೆ ಬೀಳ್ತದೆ. ಅದರ ನಂಬರಿಗೆ ಈ ಪುಸ್ತಕದಲ್ಲಿ ಉತ್ತರ ಉಂಟು. ಮತ್ತೆ ಅರ್ಧಚಂದ್ರದ ಈ ಎರಡು ಮರದ ತುಂಡು ಎಸೀಬೇಕು. ಒಂದು ಅಂಗಾತ, ಒಂದು ಬೋರಲು ಬಿದ್ರೆ ಉತ್ತರ ಪಕ್ಕಾ," ಎಂದರು ಅಲೋಶಿಯಸ್.

ಬೇರೆ ದಿನವಾಗಿದ್ದರೆ ಗುರುಕಿರಣ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಬೆಳಿಗ್ಗೆಯೇ ಮೈಸೂರಿನಿಂದ ತಾಯಿ ನಾಗರತ್ನಮ್ಮನ ಫೋನು ಬಂದಿತ್ತು.

"ಇನ್ನೆಷ್ಟು ದಿನ ಆಡಿಸ್ತೀಯೋ? ಸ್ಪಂದನಾ ಅಪ್ಪ ಮೂರು ಸಲ ಫೋನ್ ಮಾಡಿದಾರೆ. ಇವತ್ತು ರಾಹುಕಾಲ ಶುರುವಾಗೋದ್ರೊಳಗೆ ಹ್ಞೂಂ ಅನ್ನು, ಇಲ್ಲ ಬೇಡ ಅನ್ನು. ಇಲ್ದಿದ್ರೆ ಅವರು ದೋಹಾದ ಹುಡುಗನಿಗೆ ಮಾತು ಕೊಡ್ತಾರಂತೆ."

"ಯಾವ ದೇಶದ ರಾಹುಕಾಲ ಅಮ್ಮಾ?"

"ರಾಹುಗೆ ಎರಡೆರಡು ಗಡಿಯಾರ ಇರುತ್ತೇನೋ? ನಮ್ಮದೇ. ಒಂದೂವರೆಗೆ."

ಅಂದರೆ ಕುವೈತಿನಲ್ಲಿ ಹನ್ನೊಂದು ಗಂಟೆ. ಅಲ್ಲೇ ಹವಲ್ಲಿಯಲ್ಲಿ ಅಪ್ಪ ಅಮ್ಮನ ಜೊತೆಗಿದ್ದ ಫಿಸಿಯೋಥೆರಪಿಸ್ಟ್ ಸ್ಪಂದನಾಳಲ್ಲಿ ಕುಂದು ಹುಡುಕಲು ಅವನಿಂದಾಗಿರಲಿಲ್ಲ. ಒಮ್ಮೆ ನೋಡಿದ್ದ, ಮಾತಾಡಿದ್ದ, ಹಿಡಿಸಿಯೂ ಇದ್ದಳು. ಅಡ್ಡ ಬಂದದ್ದು ಎದುರು ಮೇಜಿನ ಕ್ಲಾರಿಸ್ಸಾ.

ಒಂದು ತಿಂಗಳಿಂದ ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. "ನಿಮಗೆ ಸಿಟ್ಟು ಬೇಗ ಬರ್ತದಾ ಸರ್?" "ಮನೇಲಿ ಪಾತ್ರೆ ಯಾರು ತೊಳೀತಾರೆ?" "ಅಮ್ಮನಿಗೂ ಹೆಂಡತಿಗೂ ಜಗಳ ಆದ್ರೆ ನೀವು ಯಾರ ಕಡೆ?" ಕನ್ನಡಕ ತೆಗೆಸಿ ಒಂದು ಫೋಟೋ ಕೂಡ ಹೊಡೆದಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ವಾರಕ್ಕೆರಡು ಸಲ ಹವಲ್ಲಿಯಿಂದ ಡಬ್ಬಿಯಲ್ಲಿ ಗೊಜ್ಜವಲಕ್ಕಿ ತರುತ್ತಿದ್ದಳು. ಮಂಗಳೂರಿನ ಹುಡುಗಿ ತನಗಾಗಿ ಗೊಜ್ಜವಲಕ್ಕಿ ಕಲಿತಳಲ್ಲ ಎಂದು ಗುರುಕಿರಣ ಕರಗಿ ನೀರಾಗಿದ್ದ. ಇದು ಪ್ರೀತಿಯಲ್ಲದೆ ಇನ್ನೇನು? ಹಾಗೆಂದು ನೇರವಾಗಿ ಕೇಳುವ ಧೈರ್ಯ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ. ಇಂದಂತೂ ಅವಳು ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆ ಹೊರಗೆ ಹೋಗಿದ್ದಳು.

ಹತ್ತೂವರೆಗೆ ಗುರುಕಿರಣ ಡಬ್ಬಿ ಎತ್ತಿಕೊಂಡ. ಕ್ಲಾರಿಸ್ಸಾ ನನ್ನವಳೇ ಎಂದು ಮನಸ್ಸಿನಲ್ಲಿ ಕೇಳುತ್ತ ಅಲ್ಲಾಡಿಸಿದ. ಒಂದು ಕಡ್ಡಿ ಮೆಲ್ಲಗೆ ತಲೆಯೆತ್ತಿ ಹೊರಬಿತ್ತು. ರಿಸೆಪ್ಷನ್ನಿನ ಗರ್ಟ್ರೂಡ್ ಆಂಟಿ, ಯಾರೂ ಕರೆಯದಿದ್ದರೂ ಬಂದು, ಪುಸ್ತಕದ ಮೇಲೆ ಮೊಬೈಲ್ ಹಿಡಿದು ಅನುವಾದ ಓದಿದರು.

"ನಲವತ್ತೊಂದು. ಕನ್ನಡಿಯೊಳಗಿನ ಹೂವು, ನೀರೊಳಗಿನ ಚಂದ್ರ. ಕೈ ಚಾಚಿದವನ ಕೈಗೆ ಎರಡೂ ಇಲ್ಲ."

ನಮ್ಮ ಕನ್ನಡಿಯೊಳಗಿನ ಗಂಟೇ ಚೀನಾದಲ್ಲಿ ಹೂವಾಗಿತ್ತು. ಮರದ ತುಂಡುಗಳನ್ನು ಎಸೆದರೆ ಒಂದು ಅಂಗಾತ, ಒಂದು ಬೋರಲು. ಉತ್ತರ ಪಕ್ಕಾ.

"ಎಂತ ಕೇಳಿದ್ದು ಮಗಾ?" ಎಂದರು ಆಂಟಿ.

"ಪ್ರಮೋಷನ್ನು," ಎಂದುಬಿಟ್ಟ ಗುರುಕಿರಣ.

"ಹಾಗಾದ್ರೆ ಪ್ರಮೋಷನ್ ಖಲಾಸ್!" ಎಂದು ಆಂಟಿ ಸಾರಿದ್ದು ಗೋದಾಮಿನ ತುದಿಯವರೆಗೂ ಕೇಳಿಸಿತು.

ಕೈ ಸರಿಯಾಗಿ ಅಲ್ಲಾಡಿಲ್ಲವೆಂದು ಗುರುಕಿರಣ ಮತ್ತೊಮ್ಮೆ ಅಲ್ಲಾಡಿಸಿದ. ನೂರು ಕಡ್ಡಿಗಳಲ್ಲಿ ಹೊರಬಿದ್ದದ್ದು ಅದೇ ನಲವತ್ತೊಂದು.

ಅಷ್ಟರಲ್ಲಿ ಮ್ಯಾನೇಜರ್ ಫಾರಿಸ್ ಕೋಣೆಯಿಂದ ಹೊರಬಂದರು. ಶಕುನ, ಜ್ಯೋತಿಷ್ಯ ಎಂದರೆ ಅವರಿಗೆ ಮೈಯೆಲ್ಲ ಉರಿ. ಹೋದ ವರ್ಷ ಕೈ ನೋಡುತ್ತಿದ್ದ ಡ್ರೈವರನನ್ನು ಕೆಲಸದಿಂದಲೇ ತೆಗೆದಿದ್ದರು. ಅಲೋಶಿಯಸ್ ಡಬ್ಬಿಯನ್ನು ಗುರುಕಿರಣನ ಮಡಿಲಿಗೆ ತಳ್ಳಿದರು.

"ಅದೇನು?" ಎಂದರು ಫಾರಿಸ್.

"ಪೆನ್ ಸ್ಟ್ಯಾಂಡ್ ಸರ್," ಎಂದ ಗುರುಕಿರಣ. ಫಾರಿಸ್ ಅನುಮಾನದಿಂದಲೇ ನೋಡಿ, "ಯಲ್ಲಾ, ಕೆಲಸ!" ಎಂದು ಹೋದರು.

ಆ ಗಡಿಬಿಡಿಯಲ್ಲಿ ಗುರುಕಿರಣ ಒಂದು ಪಾಪ ಮಾಡಿದ. ನಲವತ್ತೊಂದನೆಯ ಕಡ್ಡಿಯನ್ನು ಮೆಲ್ಲಗೆ ತನ್ನ ಅಂಗಿಯ ಜೇಬಿಗೆ ಸೇರಿಸಿದ. ಇನ್ನು ಅದು ಬೀಳುವುದಾದರೂ ಹೇಗೆ?

ಹತ್ತು ಐವತ್ತೈದು. ಮೂರನೆಯ ಸಲ ಬಿದ್ದದ್ದು ಏಳು. "ಬಾಗಿಲಿಗೆ ಬಂದ ಭಾಗ್ಯವನ್ನು ಕಾಯಿಸಬೇಡ," ಎಂದು ಆಂಟಿ ಓದಿ ಮುಗಿಸುವುದಕ್ಕೂ, ಬಾಗಿಲು ತಳ್ಳಿಕೊಂಡು ತಿಂಡಿಯ ಡಬ್ಬಿ ಹಿಡಿದ ಕ್ಲಾರಿಸ್ಸಾ ಒಳಬರುವುದಕ್ಕೂ ಸರಿಹೋಯಿತು. ಗುರುಕಿರಣ ಮರದ ತುಂಡುಗಳನ್ನು ಎಸೆಯಲೂ ಕಾಯಲಿಲ್ಲ. ಕಾರಿಡಾರಿಗೆ ಓಡಿ ಫೋನ್ ಮಾಡಿದ.

"ಅಮ್ಮಾ, ಆ ಸಂಬಂಧ ಬೇಡ. ನನಗೆ ಬೇರೆ ಹುಡುಗಿ ಇಷ್ಟ."

"ಇದನ್ನ ಒಂದು ತಿಂಗಳ ಹಿಂದೆ ಹೇಳೋಕೆ ಏನಾಗಿತ್ತೋ ನಿಂಗೆ? ಆಯ್ತು, ಅವರಿಗೆ ಹೇಳ್ತೀನಿ," ಎಂದು ನಾಗರತ್ನಮ್ಮ ಫೋನಿಟ್ಟರು. ಅಮ್ಮನ ದನಿ ಕೇಳಿ ಗುರುಕಿರಣನಿಗೆ ನಿಜಕ್ಕೂ ಸಂಕಟವಾಯಿತು. ಆದರೂ ಕೂದಲು ಸರಿಮಾಡಿಕೊಂಡು ತಿರುಗಿದ.

ಕ್ಲಾರಿಸ್ಸಾ ಅಲ್ಲೇ ನಿಂತಿದ್ದಳು. "ಸರ್, ನಿಮ್ಮ ಹತ್ರ ಒಂದು ವಿಷಯ ಹೇಳ್ಲಿಕ್ಕಿತ್ತು."

"ನನಗೆ ಗೊತ್ತು ಕ್ಲಾರಿಸ್ಸಾ."

"ಗೊತ್ತುಂಟಾ? ಹಾಗಾದ್ರೆ ಸ್ಪಂದನಾ ಹೇಳಿದ್ಲಾ?" ಅವಳ ಮುಖ ಅರಳಿತು. "ನಾವಿಬ್ರೂ ಹವಲ್ಲಿಯಲ್ಲಿ ಒಂದೇ ಬಿಲ್ಡಿಂಗು ಸರ್. ಹುಡುಗ ಹೇಗೆ ಅಂತ ಸ್ವಲ್ಪ ವಿಚಾರಿಸಿ ಹೇಳು ಮಗಳೇ ಅಂತ ಅವಳ ಪಪ್ಪ ನನಗೆ ಹೇಳಿದ್ರು. ಒಂದು ತಿಂಗಳು ಸರಿ ಮಾಡಿ ವಿಚಾರಿಸಿದೆ. ನಿನ್ನೆ ನೂರಕ್ಕೆ ನೂರು ಕೊಟ್ಟೆ ನೋಡಿ! ಫೋಟೋ ಕೂಡ ಅವಳಿಗೇ. ಗೊಜ್ಜವಲಕ್ಕಿ ಅವಳು ಮಾಡುದು, ನಾನು ಹೊತ್ತು ತರುದು ಮಾತ್ರ. ನನಗೆ ಅದರ ಹೆಸರು ಸಹ ಸರಿ ಹೇಳ್ಲಿಕ್ಕೆ ಬರುದಿಲ್ಲ."

ಗುರುಕಿರಣ ಅಮ್ಮನಿಗೆ ಮರಳಿ ಫೋನ್ ಮಾಡಿದ. ಲೈನ್ ಬಿಜಿ. ಮತ್ತೆ ಮಾಡಿದ. ಬಿಜಿ. ನಾಲ್ಕನೆಯ ಸಲ ಒತ್ತುವಾಗ ಗೋಡೆಯ ಗಡಿಯಾರ ಹನ್ನೊಂದು ದಾಟಿತ್ತು. ಅಷ್ಟರಲ್ಲಿ ಕ್ಲಾರಿಸ್ಸಾಳ ಮೊಬೈಲಿಗೆ ಸ್ಪಂದನಾಳ ಮೆಸೇಜು ಬಂತು. ಅವಳು ಗಟ್ಟಿಯಾಗಿಯೇ ಓದಿದಳು.

"ಕ್ಲಾರಿ, ಅವರಿಗೆ ಬೇರೆ ಯಾರೋ ಇಷ್ಟವಂತೆ. ಅಪ್ಪ ಆಗಲೇ ದೋಹಾಕ್ಕೆ ಮಾತು ಕೊಟ್ಟುಬಿಟ್ರು. ಯಾರವಳು ಅಂತ ಸ್ವಲ್ಪ ವಿಚಾರಿಸಿ ಹೇಳೇ."

ಕ್ಲಾರಿಸ್ಸಾ ತಲೆಯೆತ್ತಿದಳು. ಕಣ್ಣಲ್ಲಿ ಒಂದು ತಿಂಗಳಿಂದ ಅವನು ಪ್ರೀತಿಯೆಂದು ನಂಬಿದ್ದ ಅದೇ ಕುತೂಹಲ.

"ಯಾರು ಸರ್ ಆ ಹುಡುಗಿ?"

ಮುಖ ಎಲ್ಲಿ ಬಚ್ಚಿಡುವುದೆಂದು ತಿಳಿಯದೆ ಗುರುಕಿರಣ ಶೂ ಲೇಸು ಕಟ್ಟುವವನಂತೆ ಬಗ್ಗಿದ. ಅಂಗಿಯ ಜೇಬಿನಿಂದ ಕಡ್ಡಿಯೊಂದು ತಾನಾಗಿಯೇ ಜಾರಿ ಅವರಿಬ್ಬರ ನಡುವೆ ಬಿತ್ತು.

ಹಿಂದಿನಿಂದ ಬಂದ ಗರ್ಟ್ರೂಡ್ ಆಂಟಿ ಅದನ್ನೆತ್ತಿ ನಂಬರ್ ಓದಿ, ಅವನ ಬೆನ್ನು ಸವರಿದರು.

"ಅಯ್ಯೋ ಪಾಪವೇ, ಇನ್ನೂ ಪ್ರಮೋಷನ್ನೇ ಕೇಳ್ತಾ ಇದ್ದೀಯಾ ಮಗಾ?"