ಬಾಯಿ ಬಿಟ್ಟರೆ ಪಾಸು

ವಾರವಿಡೀ ನನ್ನ ತಲೆ ತಣ್ಣಗೇ ಇರುತ್ತದೆ. ಕೆಡುವುದೆಲ್ಲ ಶನಿವಾರ ಮಧ್ಯಾಹ್ನವೇ ಕೆಡುತ್ತದೆ, ಒಂದು ಶನಿವಾರವೂ ತಪ್ಪುವುದಿಲ್ಲ.

ತಮಿಳುನಾಡಿನ ಕಂಬಂ ಕಣಿವೆಯ ಒಂದು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಹೇಳಿಕೊಡುವವಳು. ಹೋದ ವರ್ಷ ಸುತ್ತೋಲೆ ಬಂತು: ಎಲ್ಲ ವಿದ್ಯಾರ್ಥಿಗಳಿಗೂ ಎಂಟು ಶನಿವಾರ ಸಮಾನತೆ, ಸಹಾನುಭೂತಿಯ ತರಬೇತಿ ಕೊಡಬೇಕು, ಪಾಸಾಗದಿದ್ದರೆ ಡಿಗ್ರಿ ಇಲ್ಲ. ಯಾರು ತಗೊಳ್ತೀರಿ ಅಂತ ಪ್ರಿನ್ಸಿಪಾಲರು ಕೇಳಿದಾಗ ಎಲ್ಲರೂ ಟೇಬಲ್ ನೋಡಿದರು. ನಾನೊಬ್ಬಳು ದಡ್ಡಿ, ಪ್ರಿನ್ಸಿಪಾಲರ ಮುಖ ನೋಡಿದೆ.

ಇನ್ನೊಂದು ಮಾತು. ನಮ್ಮ ಮನೆಮಾತು ಕನ್ನಡ. ಎಷ್ಟೋ ತಲೆಮಾರಿನಿಂದ ಈ ಕಣಿವೆಯಲ್ಲೇ ಇದ್ದೇವೆ. ನಾನು ಪಾಠ ಮಾಡುವುದು ತಮಿಳಲ್ಲಿ, ಬೈಯುವುದು ಕನ್ನಡದಲ್ಲಿ. ತಮಿಳಲ್ಲಿ ಬೈದರೆ ಆಫೀಸಿಗೆ ದೂರು ಹೋಗುತ್ತದೆ. ಕನ್ನಡದಲ್ಲಿ ಬೈದರೆ ಮಿಸ್ ಏನೋ ಮಂತ್ರ ಹೇಳ್ತಿದ್ದಾರೆ ಅಂತ ಸುಮ್ಮನಿರುತ್ತಾರೆ.

ಮೊದಲನೆಯ ಸಂಶಯ

"ಇನ್ನೊಬ್ಬರ ಕಷ್ಟ ನಮ್ಮದೇ ಅಂತ ತಿಳಿಯೋದೇ ಸಹಾನುಭೂತಿ" ಅಂದೆ. ಮುಂದಿನ ಬೆಂಚಿನವನು ಕೈ ಎತ್ತಿದ.

"ಇದಕ್ಕೆ ಎಷ್ಟು ಮಾರ್ಕು ಮಿಸ್?"

"ಮಾರ್ಕಿಲ್ಲ. ಬರೀ ಪಾಸು, ಫೇಲು."

"ಹಾಗಾದರೆ ನಮ್ಮ ಕಷ್ಟ ನಿಮ್ಮದೇ ಅಂತ ತಿಳಿದು ಮೂರೂವರೆ ಬಸ್ಸಿಗೆ ಬಿಟ್ಟುಬಿಡಿ ಮಿಸ್."

ಕ್ಲಾಸೆಲ್ಲ ಹೋ ಅಂತ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. "ಎಮ್ಮೆ ತೊಳೆಯೋಕೂ ಲಾಯಕ್ಕಿಲ್ಲದ ಮೂತಿಗಳು" ಅಂತ ಕನ್ನಡದಲ್ಲಿ ಗೊಣಗಿಕೊಂಡೆ. ಕೊನೆಯ ಬೆಂಚಿನ ಒಬ್ಬಳು ಹುಡುಗಿ ಪುಸ್ತಕದೊಳಗೆ ಮುಖ ಹುದುಗಿಸಿ ನಕ್ಕಳು. ಪಕ್ಕದವಳು ಏನೋ ಹೇಳಿರಬೇಕು ಅಂದುಕೊಂಡೆ.

ಹಂಚಿ ತಿನ್ನಿ

ಇದುವರೆಗೆ ಯಾರ ಜೊತೆ ಕೂತು ಉಂಡಿಲ್ಲವೋ ಅವರ ಜೊತೆ ಈ ವಾರ ಹಂಚಿಕೊಂಡು ಊಟ ಮಾಡಿ ಅಂತ ಹೇಳಿದೆ. ಮರುವಾರ ಕೇಳಿದರೆ ಎಲ್ಲರೂ "ಆಯ್ತು ಮಿಸ್." ನನಗೆ ನಂಬಿಕೆ ಬರಲಿಲ್ಲ. ಮಧ್ಯಾಹ್ನ ಕಾರಿಡಾರಿಗೆ ಹೋಗಿ ನೋಡಿದೆ. ಎದುರುಬದುರು ಕೂತಿದ್ದಾರೆ. ಮನೆಯಿಂದ ಯಾರೂ ಡಬ್ಬಿ ತಂದಿಲ್ಲ. ಒಂದೇ ಅಂಗಡಿಯ ಪರೋಟ, ಒಬ್ಬೊಬ್ಬರ ಕೈಯಲ್ಲೂ ಬೇರೆ ಬೇರೆ ಪೊಟ್ಟಣ.

"ಏನಪ್ಪ ಹಂಚಿಕೊಂಡಿರಿ?"

"ಬೆಂಚು, ಮಿಸ್."

ಬಾಯಿ ಬಿಡದವಳು

ಹುಡುಗರ ಅಧಿಕಪ್ರಸಂಗವನ್ನಾದರೂ ತಡೆದುಕೊಳ್ಳಬಹುದು. ಆ ಕೊನೆ ಬೆಂಚಿನವಳು ಏಳು ಶನಿವಾರ ಒಂದು ಮಾತೂ ಆಡಲಿಲ್ಲ. ಕೇಳಿದರೆ ಎದ್ದು ನಿಲ್ಲುತ್ತಾಳೆ, ಕಿಟಕಿ ನೋಡುತ್ತಾಳೆ, ಕೂರುತ್ತಾಳೆ. ಅವರ ಮನೆಯಲ್ಲಿ ಡಿಗ್ರಿಯವರೆಗೆ ಬಂದವಳು ಇವಳೊಬ್ಬಳೇ ಅಂತ ಪಕ್ಕದವಳು ಹೇಳಿದ್ದಳು. ಆದರೂ ಸಿಟ್ಟು ತಡೆಯಲಾಗಲಿಲ್ಲ.

"ಕೋರ್ಸ್ ಮುಗಿಯೋದರೊಳಗೆ ಒಂದು ಸಲ ಬಾಯಿ ಬಿಡು. ಬಿಡದಿದ್ದರೆ ಪಾಸ್ ಮಾಡೋಲ್ಲ, ಡಿಗ್ರಿ ಬರೋಲ್ಲ" ಅಂದೆ. ಅವಳು ಕಿಟಕಿ ನೋಡಿದಳು. "ಕಲ್ಲಿಗಾದರೂ ಪಾಠ ಹೇಳಬಹುದು" ಅಂತ ಕನ್ನಡದಲ್ಲಿ ಗೊಣಗಿದೆ. ಈ ಸಲ ಅವಳು ನಗಲಿಲ್ಲ.

ಪಕ್ಕದವಳು ಎದ್ದು ಹೇಳಿದಳು: "ಅವಳು ಹೇಳೋಕೆ ಶುರು ಮಾಡಿದರೆ ಬಸ್ಸು ತಪ್ಪಿಹೋಗುತ್ತೆ ಮಿಸ್."

ನಮ್ಮ ಮನೆಯ ನೀರು

ಎಂಟನೆಯ ಶನಿವಾರ, ಕೊನೆಯ ಕ್ಲಾಸು. ದುಡಿಯುವವರ ಕಷ್ಟ ಕಣ್ಣಾರೆ ನೋಡಲಿ ಅಂತ ಎಲ್ಲರನ್ನೂ ನಮ್ಮೂರು ಕಾಮಯಗೌಂಡನ್‌ಪಟ್ಟಿಗೆ, ನಮ್ಮದೇ ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋದೆ. ತೋಟ ನೋಡಿಕೊಳ್ಳುವುದು ನಮ್ಮತ್ತೆ. ಕೂಲಿಗೆ ಬರುವವರ ಹೆಸರು ಕೂಡ ನನಗೆ ಗೊತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬಿಸಿಲಿಗೆ ಬಾಯಾರಿ ಎಲ್ಲರೂ ತೋಟದ ಪಕ್ಕದ ನಮ್ಮ ಮನೆಯ ಜಗಲಿಗೆ ಬಂದರು. ಅತ್ತೆ ತಟ್ಟೆಯಲ್ಲಿ ಸ್ಟೀಲ್ ಲೋಟ ಜೋಡಿಸಿ ನೀರು ತಂದರು. ಹುಡುಗರ ಕಡೆ ನಗುನಗುತ್ತಲೇ ನನಗೆ ಕನ್ನಡದಲ್ಲಿ ಹೇಳಿದರು: "ಕಂಬದ ಹತ್ರ ನಿಂತಿರೋಳು ನಮ್ಮ ತೋಟದ ಕೆಲಸದೋಳ ಮಗಳು ಕಣೆ. ಅವಳಿಗೆ ಈ ಲೋಟ ಬ್ಯಾಡ, ಪೇಪರ್ ಲೋಟದಲ್ಲಿ ಕೊಡು."

ಕಂಬದ ಹತ್ತಿರ ನಿಂತಿದ್ದವಳು ಆ ಬಾಯಿ ಬಿಡದ ಹುಡುಗಿ.

ಎಂಟು ಶನಿವಾರ ಗಂಟಲು ಹರಿಯುವ ಹಾಗೆ ಸಮಾನತೆ ಅಂತ ಕೂಗಿದ ನಾನು ಏನು ಮಾಡಿದೆ ಗೊತ್ತೆ? "ಮೆಲ್ಲಗೆ ಮಾತಾಡಿ ಅತ್ತೆ" ಅಂದೆ. ಅಷ್ಟೇ. ತಪ್ಪು ಅನ್ನಲಿಲ್ಲ. ಒಳಗೆ ಹೋಗಿ ಪೇಪರ್ ಲೋಟ ತಂದು ನಾನೇ ಅವಳ ಕೈಗೆ ಕೊಟ್ಟೆ.

ಅವಳು ಅದನ್ನು ಜಗಲಿಯ ಮೇಲಿಟ್ಟಳು. ಆಮೇಲೆ ಅಚ್ಚುಕಟ್ಟಾಗಿ ನಮ್ಮತ್ತೆಯ ರಾಗದಲ್ಲೇ, ನಮ್ಮ ಮನೆಯ ಕನ್ನಡದಲ್ಲೇ ಹೇಳಿದಳು: "ಬ್ಯಾಡ ಮಿಸ್, ಬಾಟ್ಲಿ ತಂದಿದ್ದೀನಿ. ಆ ಮನೇಲಿ ನೀರು ಕೇಳಬ್ಯಾಡ ಅಂತ ಅಮ್ಮ ಹೇಳೇ ಕಳಿಸಿದ್ದಾಳೆ."

ಅತ್ತೆ ತಟ್ಟೆ ಸಮೇತ ಒಳಗೆ ಹೋದರು.

"ನಿನಗೆ ಕನ್ನಡ ಬರುತ್ತಾ?" ಅಂದೆ.

"ನಿಮ್ಮ ತೋಟದ ಚಪ್ಪರದ ಕೆಳಗೇ ಬೆಳೆದೋಳು ಮಿಸ್. ನೀವು ಎಮ್ಮೆ ತೊಳೆಯೋದು ಅಂದಿದ್ದೂ ಗೊತ್ತಾಯ್ತು, ಕಲ್ಲಿಗೆ ಪಾಠ ಅಂದಿದ್ದೂ ಗೊತ್ತಾಯ್ತು."

ಅಷ್ಟು ದಿನ ಹುಡುಗರ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಬೈದುಕೊಳ್ಳೋಣ ಅಂದರೆ ಯಾವ ಭಾಷೆಯಲ್ಲಿ ಬೈದುಕೊಳ್ಳಲಿ?

ಅವಳು ನಿಧಾನವಾಗಿ ತನ್ನ ಬಾಟ್ಲಿಯ ನೀರು ಕುಡಿದಳು. ಮುಚ್ಚಳ ತಿರುಗಿಸಿದಳು. ಎಲ್ಲರಿಗೂ ತಿಳಿಯಲಿ ಅಂತ ಈ ಸಲ ತಮಿಳಲ್ಲಿ ಕೇಳಿದಳು:

"ಬಾಯಿ ಬಿಟ್ಟೆನಲ್ಲ ಮಿಸ್. ಪಾಸ್ ತಾನೆ?"