ನಿಧಾನದ ವಿದ್ಯೆ ಮತ್ತು ನೂರು ಬೆಳಗು

ಮೈಮರೆತು ನಿಂತವನನ್ನು ಕಂಡರೆ ನಮ್ಮ ಕಡೆಯ ಜನ ಸುಮ್ಮನೆ ಹಾದುಹೋಗುವುದಿಲ್ಲ. ನನ್ನ ಅರ್ಧ ಆಯುಷ್ಯ ಇದರಲ್ಲೇ ಕಳೆಯಿತು.

ಎಪ್ಪತ್ತರ ದಶಕದಲ್ಲಿ ಇಳಕಲ್ ಸೀರೆಯ ಗಂಟು ಹೊತ್ತು ಮುಂಬಯಿಗೆ ಹೋಗಿಬರುತ್ತಿದ್ದೆ. ಅಲ್ಲಿ ಹಲ್ಲು ಕಟ್ಟುವ ಒಬ್ಬ ಚೀನೀ ಮುದುಕ ನನಗೆ ತೈ ಚಿ ಕಲಿಸಿದ. ಕಾದಾಟದ ವಿದ್ಯೆಯೇ, ಆದರೆ ನೀರೊಳಗೆ ನಡೆದಷ್ಟು ನಿಧಾನ. ಜೊತೆಗೆ ನಾಡಿ ನೋಡುವುದು, ಸೂಜಿ ಚುಚ್ಚುವುದು. ಗುರುವಿನ ಷರತ್ತು ಒಂದೇ: ನೂರು ಬೆಳಗು ನೂರೆಂಟು ಪಟ್ಟುಗಳನ್ನು ನಿಲ್ಲದೆ ಮುಗಿಸಬೇಕು. ನಡುವೆ ನಿಂತರೆ ಮತ್ತೆ ಒಂದನೆಯ ದಿನದಿಂದ. ನೂರಾದ ಮೇಲೆ ಮುಂದಿನ ಪಾಠ. ಆ ಪಾಠದ ಆಸೆಗೆ ನಾನು ಹುಚ್ಚನಾಗಿದ್ದೆ.

ಭಂಡಾರ

ಊರಿಗೆ ಮರಳಿ ಗುಡೂರು ದಾರಿಯ ಹೊಲವೊಂದರಲ್ಲಿ ಶುರು ಮಾಡಿದೆ. ಜೋಳದ ಮೇಲೆ ಮಂಜು. ನನ್ನ ಕೈಗಳು ನನ್ನವಲ್ಲವೆಂಬಂತೆ ತೇಲುತ್ತಿದ್ದವು. ಮೂವತ್ತೊಂದನೆಯ ದಿನ ಇಬ್ಬರು ಕುರಿಗಾರರು ಬಂದು ಎದುರಿಗೆ ಕೈಮುಗಿದು ಕುಳಿತರು. ನನ್ನ ಮೈಮೇಲೆ ಅವರ ಕುಲದೇವರು ಬೀರಪ್ಪ ಬಂದಿದ್ದಾನೆಂದು ಅವರ ಎಣಿಕೆ.

"ಯಪ್ಪಾ, ನಮ್ಮ ಟಗರು ಕಳದೈತಿ. ಯಾವ ದಿಕ್ಕಿಗೆ ಹೋಗೇತಿ ಹೇಳು."

ನಿಲ್ಲುವಂತಿಲ್ಲ. ಅಷ್ಟರಲ್ಲಿ ಮುಂದಿನ ಪಟ್ಟು ಬಂದು ಅಂಗೈ ಮೂಡಣಕ್ಕೆ ಚಾಚಿತು. ಕಿರಿಯವ ಆ ಕಡೆ ಓಡಿದ. ಹಿರಿಯವ ಭಕ್ತಿಯಿಂದ ನನ್ನ ಹಣೆಗೆ ಭಂಡಾರ ಬಳಿದ. ಅರಿಸಿನದ ಪುಡಿ ಮೂಗಿಗೆ ಏರಿ ಒಂದೇ ಸಮನೆ ಸೀನಿದೆ. ಮೂವತ್ತೊಂದು ದಿನ ಗಾಳಿಗೆ ಹೋದವು.

ಟಗರು ಮೂಡಣದಲ್ಲೇ ಸಿಕ್ಕಿತು! ಮರುದಿನ ಹೋದರೆ ಹೊಲದ ತುಂಬ ಜನ. ಹಿರಿಯವ ಎಲ್ಲರಿಗೂ ತಿಳಿಹೇಳುತ್ತಿದ್ದ: "ಗಡಿಬಿಡಿ ಮಾಡಬ್ಯಾಡ್ರಿ. ದ್ಯಾವ್ರಿಗೆ ಭಾಳ ವಯಸ್ಸಾಗೇತಿ."

ನಡ

ಹೊಲ ಬಿಟ್ಟು ಮನೆಯ ಮಾಳಿಗೆ ಏರಿದೆ. ಪಕ್ಕದ ಮನೆಯ ಚಾಚಾ ನೇಕಾರರು, ಮಗ್ಗದ ಗುಂಡಿಯಲ್ಲಿ ಕೂತು ಕೂತು ಅವರ ನಡ, ಅಂದರೆ ಸೊಂಟ, ಹಿಡಿದಿತ್ತು. ಐವತ್ತನೆಯ ದಿನ ಮೆಟ್ಟಿಲೇರಿ ಬಂದವರು "ಯಾ ಅಲ್ಲಾ" ಎಂದು ನನ್ನ ಕಾಲ ಬಳಿಯೇ ಕುಸಿದರು. ಪಾಠ ಹೋದರೆ ಹೋಗಲಿ ಎಂದು ನಿಂತೆ. ನಾಲಿಗೆ ನೋಡಿದೆ, ನಾಡಿ ಹಿಡಿದೆ, ಕೈಯ ಮೇಲೆ ಎರಡು ಸೂಜಿ ಚುಚ್ಚಿದೆ.

"ನಡ ಅಂದ್ರ ನಾಲಿಗಿ ನೋಡಿದಿ, ಈಗ ಕೈಗೆ ಚುಚ್ಚಿದಿ. ನನ್ನ ನಡ ಎಲ್ಲೈತಿ ಅನ್ನೂದರ ಗೊತ್ತೈತೇನಪಾ?"

ಸ್ವಲ್ಪ ಹೊತ್ತಿಗೆ ಚಾಚಾ ನೆಟ್ಟಗೆ ಎದ್ದು ನಿಂತರು. ಖುಷಿಯಿಂದ ಮೆಟ್ಟಿಲಿಳಿದವರು ಕೆಳಗಿನಿಂದ ಕೂಗಿದರು: "ಕೈ ಭಾಳ ನೋಯ್ತೈತಲೇ! ಮತ್ತ ಬರ್ಲೇನು, ನಡಕ್ಕ ಚುಚ್ಚತೀ?"

ನೂರನೆಯ ದಿನ

ಹೀಗೆ ಎಂಬತ್ತರ ದಶಕ ಬಂತು. ಗುರು ಕಾಗದ ಬರೆಸಿದ್ದ: ಹಾಸಿಗೆ ಹಿಡಿದಿದ್ದೇನೆ, ಬೇಗ ಮುಗಿಸು. ಓದಿ ಅತ್ತುಬಿಟ್ಟೆ. ಬಾದಾಮಿಯಲ್ಲಿದ್ದ ಅಕ್ಕನ ಮನೆಗೆ ಹೋಗಿ, ಹೊಂಡದ ದಂಡೆಯಲ್ಲಿ ಮತ್ತೆ ಒಂದರಿಂದ ಹಿಡಿದೆ. ಯಾರೂ ಏನೂ ಕೇಳಲಿಲ್ಲ. ದಿನಗಳು ಕನಸಿನಂತೆ ಸರಿದವು.

ನೂರನೆಯ ಬೆಳಗು. ಕೆಂಪು ಬಂಡೆ ನೀರಲ್ಲಿ ತಲೆಕೆಳಗಾಗಿ ನಿಂತಿತ್ತು. ನಾನೆಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗುತ್ತದೋ ತಿಳಿಯದಷ್ಟು ಹಗುರಾಗಿದ್ದೆ. ಇನ್ನು ಎಂಟೇ ಪಟ್ಟು. ಆಗ ಒಂದು ಮಂಗ ಬಂಡೆಯಿಂದ ಇಳಿದು ಬಂದು ನನ್ನ ಲುಂಗಿ ಎಳೆದುಕೊಂಡು ಹೋಯಿತು. ಉಳಿದದ್ದು ಪಟ್ಟಾಪಟ್ಟಿ ಚಡ್ಡಿ. ಬಟ್ಟೆ ಒಗೆಯುತ್ತಿದ್ದ ಹೆಂಗಸರ ಸಪ್ಪಳ ಒಮ್ಮೆಲೇ ನಿಂತಿತು.

ಓಡಿಬಿಡಲೇ? ಗುರುವಿನ ಮುಖ ಕಣ್ಣಿಗೆ ಕಟ್ಟಿತು. ಓಡಲಿಲ್ಲ. ಎಂಟನ್ನೂ ಮುಗಿಸಿದೆ. ಕೊನೆಯದರಲ್ಲಿ ಎರಡೂ ಕೈ ಎದೆಯಿಂದ ಮೆಲ್ಲಗೆ, ಬಹಳ ಮೆಲ್ಲಗೆ ಇಳಿದು ಹೊಟ್ಟೆಯ ಕೆಳಗೆ ಬಂದು ನಿಲ್ಲಬೇಕು. ನಿಂತವು. ನೂರು ಮುಗಿಯಿತು, ನನ್ನ ಕಣ್ಣು ತುಂಬಿ ಬಂತು.

ಒಬ್ಬ ಮುದುಕಿ ಒದ್ದೆ ಸೀರೆ ಕೆಳಗಿಟ್ಟು ಪಕ್ಕದವಳಿಗೆ ಹೇಳಿದಳು: "ಯವ್ವಾ, ಇಷ್ಟು ಸಾವಕಾಶ ನಾಚಿಕೊಳ್ಳೂ ಗಂಡಸನ್ನ ನಾ ಹುಟ್ಟಿದಾಗಿಂದ ನೋಡಿಲ್ಲ!"