ನನ್ನ ಬೋರ್ಡಿಗೆ ನಾನೇ ಡಿಸೈನರು!

"ಊರಿಗೆಲ್ಲ ಬೋರ್ಡು ಮಾಡಿಕೊಟ್ಟವನು ನಾನು! ನನ್ನ ಬೋರ್ಡು ನನಗೊಂದು ಲೆಕ್ಕವೇನೇ? ಈ ಕಾಫಿ ಆರೋದ್ರೊಳಗೆ ಮುಗಿಸ್ತೀನಿ, ನೋಡ್ತಿರು!" ಎಂದು ಹೆಂಡತಿಯ ಮುಂದೆ ಘೋಷಿಸಿಬಿಟ್ಟೆ.

ವೃತ್ತಿಯಿಂದ ನಾನು ಡಿಸೈನರು. ಅಂಗಡಿಯ ಹೆಸರಾಗಲಿ, ಸೋಪಿನ ಪೊಟ್ಟಣವಾಗಲಿ, ಅದಕ್ಕೊಪ್ಪುವ ಅಕ್ಷರ, ಬಣ್ಣ ಕೂರಿಸಿಕೊಡುವುದು ನನ್ನ ಕೆಲಸ. ಬಹಳ ಕಾಲ ಬೇರೆಯವರ ಕಂಪನಿಯಲ್ಲಿ ದುಡಿದು, ಈಗ ಸ್ವಂತ ಆಫೀಸು ತೆರೆದಿದ್ದೆ. ಮೊದಲು ಹಲ್ಲಿನ ಡಾಕ್ಟರಿದ್ದ ಕೋಣೆ ಅದು. ಅವರ ಬೋರ್ಡು ಕಿತ್ತು ಇಳಿಸಿಯಾಗಿತ್ತು. ನನ್ನದು ಏರುವುದಷ್ಟೇ ಬಾಕಿ.

ಕಾಫಿ ಆರಿತು. ಮೇಲೆ ಕೆನೆಯೂ ಕಟ್ಟಿತು. ಬೋರ್ಡು ಮಾತ್ರ ಆಗಲಿಲ್ಲ!

ಇದೆಂಥ ವಿಚಿತ್ರ! ಗಿರಾಕಿಯ ಹೆಸರಾದರೆ ಪೆನ್ಸಿಲ್ಲು ತಾನಾಗಿ ಓಡುತ್ತದೆ. ನನ್ನ ಹೆಸರಿಗೆ ಬಂದರೆ ಕುಂಟುತ್ತದೆ. ದಪ್ಪಕ್ಷರ ಹಾಕಿದರೆ ಜಂಬಗಾರನಂತೆ ಕಂಡೆ. ತೆಳ್ಳಗೆ ಬರೆದರೆ ಜ್ವರ ಬಿಟ್ಟೆದ್ದವನಂತೆ. ನೀಲಿ ಬಳಿದರೆ ಬ್ಯಾಂಕು, ಹಸಿರು ಬಳಿದರೆ ಔಷಧಿ ಅಂಗಡಿ. ಹಾಗಾದರೆ ನಾನು ನಾನಾಗಿ ಕಾಣುವ ಬಣ್ಣ ಯಾವುದು? ಕುತೂಹಲ ತಡೆಯಲಾರದೆ ಕನ್ನಡಿಯ ಮುಂದೆ ಹೋಗಿ ನಿಂತೆ.

"ಏನ್ರೀ, ಮೊಡವೆನಾ?" ಎಂದಳು ಹೆಂಡತಿ.

"ಅಲ್ಲ ಕಣೇ. ನಾನು ಎಂಥ ಅಕ್ಷರ ಅಂತ ನೋಡ್ಕೋತಿದೀನಿ."

"ಅದಕ್ಕೆ ಕನ್ನಡಿ ಯಾಕೆ? ನೀವು ಒತ್ತಕ್ಷರ! ಒಂಟಿಯಾಗಿ ನಿಲ್ಲೋಕಾಗಲ್ಲ, ಯಾರ ಬುಡಕ್ಕಾದ್ರೂ ಅಂಟ್ಕೊಂಡೇ ಇರಬೇಕು!"

ಆಫೀಸಿಗೆ ಓಡಿದೆ. ಬಾಗಿಲಲ್ಲಿ ಬೋರ್ಡಿಲ್ಲದ ಕಾರಣ, ಹಳೇ ರೂಢಿಯ ಮೇಲೆ ಹಲ್ಲುನೋವಿನವರು ಒಳಗೆ ಬರುತ್ತಲೇ ಇದ್ದರು. ಒಬ್ಬ ಮಹಾನುಭಾವರು ಕೆನ್ನೆ ಊದಿಸಿಕೊಂಡು ಬಂದು ಕೂತರು. ಡಾಕ್ಟರು ಬೇರೆ ಕಡೆ ಹೋಗಿದ್ದಾರೆಂದು ಹೇಳುವ ಬದಲು, ಹೊರಗಿನವರ ಅಭಿಪ್ರಾಯ ಸಿಗುತ್ತದಲ್ಲ ಎಂಬ ಆಸೆಯಿಂದ ಕಂಪ್ಯೂಟರನ್ನು ಅವರತ್ತ ತಿರುಗಿಸಿದೆ. ತೆರೆಯ ಮೇಲೆ ಅಕ್ಕಪಕ್ಕ ಎರಡು ಡಿಸೈನುಗಳು.

"ಯಾವುದು ತೊಂದರೆ ಕೊಡ್ತಿದೆ, ಹೇಳಿ ಸಾರ್?"

"ಎಡಗಡೇದು!" ಅವರು ನರಳಿದರು. "ತೆಗೆದುಬಿಡಿ ಸಾರ್, ಸಹಿಸೋಕೇ ಆಗ್ತಿಲ್ಲ!"

ನನ್ನ ಬೆವರಿನ ಫಲವನ್ನು ತಕ್ಷಣ ಅಳಿಸಿಹಾಕಿದೆ. ಅವರು ಬಾಯಿ ಅಗಲಿಸಿ ದವಡೆ ತೋರಿಸಿದ ಮೇಲಷ್ಟೇ ಗೊತ್ತಾಯಿತು, ತೆಗೆಯಬೇಕಾಗಿದ್ದು ಯಾವುದೆಂದು!

ಇಷ್ಟಕ್ಕೇ ಮುಗಿಯಲಿಲ್ಲ. ಬೇಕರಿ ಯಜಮಾನರೊಬ್ಬರು ತಮ್ಮ ಅಂಗಡಿಗಳಿಗೆಲ್ಲ ಹೊಸ ರೂಪ ಕೊಡಿಸಲು ನನ್ನನ್ನು ನೋಡಬರುವವರಿದ್ದರು. ನನ್ನ ಹೆಸರು, ಮುಖ ಅವರಿಗೆ ಗೊತ್ತಿರಲಿಲ್ಲ; ಯಾರೋ ಕೊಟ್ಟ ಬೀದಿಯ ಹೆಸರು, ಫೋನ್ ನಂಬರು ಅಷ್ಟೇ ಅವರ ಬಳಿ ಇದ್ದದ್ದು. ಹೊಸ ಆಫೀಸು ಉಳಿಯುವುದೋ ಮುಳುಗುವುದೋ ಆ ಕೆಲಸದ ಮೇಲೆ ನಿಂತಿತ್ತು. ಅವರು ಬೀದಿಯುದ್ದಕ್ಕೂ ಹುಡುಕಿ ಹುಡುಕಿ ಬೇಸತ್ತು ಫೋನು ಮಾಡಿದರು.

"ಏನ್ರೀ, ನಿಮ್ಮ ಹೆಸರೇ ಹಾಕ್ಕೊಳ್ಳಕ್ಕಾಗದೋರು ನಮ್ಮ ಹೆಸರು ಏನ್ರೀ ಹಾಕ್ತೀರ? ನಾಳೆ ಇನ್ನೊಂದು ಸಲ ಬರ್ತೀನಿ. ಬೋರ್ಡಿದ್ರೆ ಒಳಗೆ, ಇಲ್ಲಾಂದ್ರೆ ಹಾಗೇ ಮುಂದಕ್ಕೆ!"

ತಲೆಯ ಮೇಲೆ ಕೈಹೊತ್ತು ಕೂತೆ. ವಿಷಯ ತಿಳಿದು ಆಫೀಸಿಗೆ ಬಂದ ಹೆಂಡತಿ ನನ್ನನ್ನೊಮ್ಮೆ ನೋಡಿದಳು. ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಟಕಟಕ ತಟ್ಟಿದಳು.

"ಒಳಗೆ ಬರಬಹುದಾ? ನಾನೊಂದು ಡಿಸೈನ್ ಆಫೀಸು ತೆರೀತಿದೀನಿ. ಸಂಜೆಯೊಳಗೆ ಬೋರ್ಡು ಬೇಕು."

ನನ್ನ ಬೆನ್ನು ನೆಟ್ಟಗಾಯಿತು. ಕೈ ತಾನಾಗಿ ಪೆನ್ಸಿಲ್ಲು ಹಿಡಿಯಿತು!

"ಬನ್ನಿ, ಕೂತ್ಕೊಳ್ಳಿ ಮೇಡಂ. ಬೋರ್ಡು ಯಾರು ಓದಬೇಕು?"

"ಅವಸರದಲ್ಲಿ ನಡೆದುಹೋಗೋರು."

"ಓದಿದ್ರೆ ಏನನ್ನಿಸಬೇಕು?"

"ಒಳಗಿರೋರು ಮಾತು ಕಡಿಮೆ ಆಡ್ತಾರೆ, ಕೆಲಸ ಜಾಸ್ತಿ ಮಾಡ್ತಾರೆ ಅಂತ. ಸುಳ್ಳಾದ್ರೂ ಪರವಾಗಿಲ್ಲ!"

ಅಯ್ಯೋ, ಎಲ್ಲರನ್ನೂ ಕೇಳುವ ಈ ಪ್ರಶ್ನೆಗಳನ್ನು ನನ್ನನ್ನೇ ನಾನೇಕೆ ಕೇಳಿಕೊಂಡಿರಲಿಲ್ಲ? ನಾನು ಯಾರೆಂದು ಹುಡುಕುತ್ತ ಕೂತೆನೇ ಹೊರತು, ಓದುವವರು ಯಾರೆಂದು ಯೋಚಿಸಲೇ ಇಲ್ಲ!

"ಗುಲಾಬಿ ಬಣ್ಣ ಇರಲಿ. ಮೂಲೆಗೊಂದು ಚಿಟ್ಟೆ," ಎಂದಳು.

"ಚಿಟ್ಟೆ ಸಾಧ್ಯವೇ ಇಲ್ಲ ಮೇಡಂ! ಬೇಕಾದ್ರೆ ಬೇರೆ ಡಿಸೈನರ್‌ನ ನೋಡ್ಕೊಳ್ಳಿ!"

ಜಗಳ ಹತ್ತಿತು. ಅವಳ ಚಿಟ್ಟೆಯನ್ನು ಓಡಿಸುವ ಹುಮ್ಮಸ್ಸಿನಲ್ಲಿ ನನಗೆ ಬೇಕಾದದ್ದು ನನಗೇ ಸ್ಪಷ್ಟವಾಯಿತು. ಗಾಢ ಕಂದು ಹಲಗೆ, ಬಿಳಿಯ ದುಂಡಕ್ಷರ. ಅವಳು ಎರಡೆರಡು ಸಲ ಓದಿ, ಒಂಥರಾ ನಕ್ಕು, "ಒಪ್ಪಿಗೆ" ಎಂದಳು. ಆಗಲೇ ಪ್ರಿಂಟಿಂಗಿಗೆ ಕಳಿಸಿದೆ. ಪ್ರಿಂಟಿಂಗಿನವನು ಮರುದಿನ ಬೆಳಿಗ್ಗೆ ತಾನೇ ಬಂದು ಬೋರ್ಡನ್ನು ಬಾಗಿಲ ಮೇಲೆ ಮೊಳೆ ಹೊಡೆದು ಕೂರಿಸಿ ಹೋದ.

ಎದುರುಗಡೆ ನಿಂತು ಕಣ್ತುಂಬ ನೋಡಿದೆ. ಆಹಾ! ಅಕ್ಷರಗಳ ನಡುವೆ ಎಷ್ಟು ಹದವಾದ ಜಾಗ! ಅಷ್ಟರಲ್ಲಿ ಬೇಕರಿ ಯಜಮಾನರ ಕಾರು ಬಂದು ನಿಂತಿತು.

"ಭಲೇ! ಇದಪ್ಪಾ ಬೋರ್ಡು ಅಂದ್ರೆ!" ಎಂದು ಇಳಿದರು. "ಮೇಡಂ ಇದ್ದಾರಾ?"

"ಯಾವ ಮೇಡಂ?"

"ಬೋರ್ಡಲ್ಲಿರೋರು ಕಣ್ರೀ!"

ಅದುವರೆಗೆ ಬೋರ್ಡು ನೋಡಿದ್ದೆನೇ ಹೊರತು ಓದಿರಲಿಲ್ಲ. ಓದಿದೆ. ಹೆಂಡತಿಯ ಹೆಸರು! ಎದುರಿಗೆ ಕೂತ ಗಿರಾಕಿಯ ಹೆಸರನ್ನೇ ಬರೆಯುವ ನನ್ನ ಕೈಯ ಚಾಳಿ ಈ ಸಲವೂ ತಪ್ಪಿರಲಿಲ್ಲ!

ಒಳಗೆ ನುಗ್ಗಿದರೆ, ಬೆಳಿಗ್ಗೆ ನನ್ನ ಜೊತೆಗೇ ಬಂದಿದ್ದ ಅವಳು ನನ್ನ ಕುರ್ಚಿಯಲ್ಲಿ!

"ನಿನ್ನೆನೇ ಓದಿದ್ಯಲ್ಲೇ, ಹೇಳಬಾರದಿತ್ತಾ?" ಎಂದು ಪಿಸುಗುಟ್ಟಿದೆ.

"ತಪ್ಪಿದ್ರೆ ತಾನೇ ಹೇಳೋದು? ದೀರ್ಘ ಕೂಡ ಸರಿಯಾಗಿ ಎಳೆದಿದ್ರಿ!"

ಹಿಂದೆಯೇ ಬಂದ ಯಜಮಾನರು ನನ್ನತ್ತ ಬೆರಳು ಮಾಡಿದರು. "ಇವರು ಯಾರು ಮೇಡಂ?"

"ಇವರಾ? ನಮ್ಮ ಡಿಸೈನರು," ಎಂದಳು ಗಂಭೀರವಾಗಿ. "ಬೇರೆಯವರದ್ದು ಏನೇ ಕೊಡಿ, ಬಹಳ ಚೆನ್ನಾಗಿ ಮಾಡ್ತಾರೆ!"